ಮಂಗನಬಾವು ‘ಕೆಳಗೆ ಇಳಿಯುತ್ತದೆ’ ಎಂಬುದು ನಿಜವೇ? ಇದನ್ನು ಮೊದಲು ಬರೆದಿಟ್ಟ ಹಿಪೊಕ್ರೆಟಿಸ್‌ನ ಬದುಕು

ಬೋಳು ತಲೆ, ಸುರುಳಿ ಗಡ್ಡದ ಒಂದು ಕಲ್ಲಿನ ಮುಖ. ಪಕ್ಕದಲ್ಲಿ ಆಹಾರವೇ ಔಷಧ ಎಂಬ ಅರ್ಥದ ಒಂದು ಸಾಲು. ಕೆಳಗೆ ವೈದ್ಯಶಾಸ್ತ್ರದ ಪಿತಾಮಹ ಹಿಪೊಕ್ರೆಟಿಸ್ ಎಂಬ ಹೆಸರು. ಈ ಫೋಟೊ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಒಮ್ಮೆಯಾದರೂ ಬಂದಿರುತ್ತದೆ, ನೀವೂ ನಾಲ್ಕು ಜನಕ್ಕೆ ಕಳಿಸಿರಬಹುದು.

ಆ ಸಾಲು ಹಿಪೊಕ್ರೆಟಿಸ್‌ನ ಹೆಸರಿನಲ್ಲಿ ಉಳಿದುಬಂದಿರುವ ಸುಮಾರು 60 ಗ್ರಂಥಗಳಲ್ಲಿ ಎಲ್ಲೂ ಇಲ್ಲ. ಆದರೆ ಅದೇ ಗ್ರಂಥಗಳಲ್ಲಿ ಯಾರೂ ಫಾರ್ವರ್ಡ್ ಮಾಡದ ಒಂದು ಪುಟ ಇದೆ. ಸುಮಾರು 2,400 ವರ್ಷಗಳ ಹಿಂದೆ ಒಂದು ದ್ವೀಪದ ಹುಡುಗರಿಗೆ ಒಣಕೆಮ್ಮು ಬಂತು, ದನಿ ಒಡೆಯಿತು, ಕಿವಿಯ ಪಕ್ಕ ಊದಿಕೊಂಡಿತು, ಆಮೇಲೆ ಕೆಲವರ ವೃಷಣವೂ ಊದಿ ನೋವು ತಡೆಯಲಾಗದೆ ನರಳಿದರು ಎಂದು ಆ ಪುಟ ಹೇಳುತ್ತದೆ. ನಾವು ಮಂಗನಬಾವು ಎನ್ನುವ, ಕೆಲವು ಕಡೆ ಕೆಪ್ಪಟೆ ಅಥವಾ ಗದ್ದಬಾವು ಎನ್ನುವ, ಡಾಕ್ಟರು ಚೀಟಿಯಲ್ಲಿ ಮಂಪ್ಸ್ ಎಂದು ಬರೆಯುವ ರೋಗದ ಮೊದಲ ಸ್ಪಷ್ಟ ದಾಖಲೆ ಇದೇ ಎಂದು ವೈದ್ಯಕೀಯ ಇತಿಹಾಸಕಾರರು ಒಪ್ಪುತ್ತಾರೆ.

ಬಾವು ಕೆಳಗೆ ಇಳಿದರೆ ಗಂಡಸುತನ ಹೋಗುತ್ತದೆ, ಮಕ್ಕಳಾಗುವುದಿಲ್ಲ ಎಂಬ ಮಾತು ನೀವು ಕೇಳಿರುತ್ತೀರಿ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ತಿಳಿಯಬೇಕಾದರೆ ಈ ಪುಟ ಬರೆದವನ ಬದುಕಿನಿಂದಲೇ ಶುರು ಮಾಡುವುದು ಒಳ್ಳೆಯದು ಎಂದು ನಮಗನ್ನಿಸಿತು.

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಮಂಗನಬಾವು ಬೇರೆ, ಮಂಗನ ಕಾಯಿಲೆ ಬೇರೆ. ಮಂಗನ ಕಾಯಿಲೆ ಎಂದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆಹುಳು ಕಚ್ಚಿ ಬರುವ ಜ್ವರ. ಮಂಗನಬಾವಿಗೂ ಮಂಗಕ್ಕೂ ಯಾವ ಸಂಬಂಧವೂ ಇಲ್ಲ. ಎರಡೂ ಕೆನ್ನೆ ಊದಿದಾಗ ಮುಖ ಕಾಣುವ ರೀತಿಯಿಂದ ಬಂದ ಹೆಸರು ಅದು.

ಯಾರು ಈ ಹಿಪೊಕ್ರೆಟಿಸ್?

ಹುಟ್ಟಿದ್ದು ಕ್ರಿ.ಪೂ. 460ರ ಆಸುಪಾಸಿನಲ್ಲಿ, ಈಗಿನ ಟರ್ಕಿಯ ಕರಾವಳಿಗೆ ಹತ್ತಿರವಿರುವ ಕೋಸ್ ಎಂಬ ಗ್ರೀಕ್ ದ್ವೀಪದಲ್ಲಿ. ಮನೆತನದ ಕಸುಬೇ ವೈದ್ಯ. ಆ ಮನೆಗಳವರು ತಮ್ಮನ್ನು ಅಸ್ಕ್ಲೀಪಿಯಸ್ ಎಂಬ ವೈದ್ಯದೇವರ ವಂಶದವರು ಎಂದು ಹೇಳಿಕೊಳ್ಳುತ್ತಿದ್ದರು. ತಂದೆ ಹೆರಾಕ್ಲೈಡಿಸ್‌ನಿಂದ ವಿದ್ಯೆ ಕಲಿತ. ಆಮೇಲೆ ಹೆರೋಡಿಕಸ್ ಎಂಬ ಇನ್ನೊಬ್ಬ ಗುರುವಿನ ಬಳಿ ಕಲಿತ ಎಂದೂ ಹಳೆಯ ಚರಿತ್ರೆ ಹೇಳುತ್ತದೆ. ಈ ಹೆರೋಡಿಕಸ್ ವ್ಯಾಯಾಮ ಕಲಿಸುತ್ತಿದ್ದವನು, ನಮ್ಮ ಲೆಕ್ಕದಲ್ಲಿ ಗರಡಿಮನೆಯ ಉಸ್ತಾದ ಎನ್ನಿ. ಗರಡಿಮನೆಯ ಮಾತು ಮುಂದೆ ಮತ್ತೆ ಬರುತ್ತದೆ.

ಹಿಪೊಕ್ರೆಟಿಸ್ ಎಂಬ ಮನುಷ್ಯ ನಿಜಕ್ಕೂ ಇದ್ದ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಪ್ಲೇಟೋ. ವಯಸ್ಸಿನಲ್ಲಿ ಚಿಕ್ಕವನಾದರೂ ಅವನ ಕಾಲದಲ್ಲೇ ಬದುಕಿದ್ದ ಪ್ಲೇಟೋ, ಕೋಸ್‌ನ ಹಿಪೊಕ್ರೆಟಿಸ್ ಶುಲ್ಕ ತೆಗೆದುಕೊಂಡು ವೈದ್ಯ ಕಲಿಸುತ್ತಿದ್ದ ಎಂಬುದನ್ನು ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ ಹೇಳುತ್ತಾನೆ. ಅರಿಸ್ಟಾಟಲ್ ಕೂಡ ಅವನನ್ನು ಹೆಸರಿಸುತ್ತಾನೆ. ಇಬ್ಬರು ಗಂಡುಮಕ್ಕಳು, ಥೆಸ್ಸಾಲಸ್ ಮತ್ತು ಡ್ರಾಕೋ, ವೈದ್ಯರಾದರು. ಅಳಿಯ ಪಾಲಿಬಸ್ ಕೂಡ ವೈದ್ಯನೇ.

ಇದಿಷ್ಟು ಬಿಟ್ಟರೆ ಉಳಿದ ಬಹುಪಾಲು ಕಥೆಗಳು ಅವನು ಸತ್ತು ತಲೆಮಾರುಗಳಾದ ಮೇಲೆ ಹುಟ್ಟಿದವು. ಅಂದರೆ ಆ ಕಾಲದ ಫಾರ್ವರ್ಡ್‌ಗಳು! ಅಥೆನ್ಸ್‌ಗೆ ಮಹಾಮಾರಿ ಬಂದಾಗ ಬೀದಿಬೀದಿಯಲ್ಲಿ ಬೆಂಕಿ ಹಾಕಿಸಿ ಊರನ್ನು ಉಳಿಸಿದ ಎಂಬುದು ಒಂದು. ಆ ಮಹಾಮಾರಿ ಬಂದದ್ದು ಕ್ರಿ.ಪೂ. 430ರಲ್ಲಿ. ಇತಿಹಾಸಕಾರ ಥುಸಿಡಿಡೀಸ್ ಆಗ ಅಥೆನ್ಸ್‌ನಲ್ಲೇ ಇದ್ದ, ಸ್ವತಃ ಆ ರೋಗಕ್ಕೆ ಸಿಕ್ಕಿ ಬದುಕಿದ. ಅವನು ಬರೆದ ದೀರ್ಘ ವರದಿಯಲ್ಲಿ ಹಿಪೊಕ್ರೆಟಿಸ್‌ನ ಹೆಸರೇ ಇಲ್ಲ. ವೈದ್ಯರು ಕೈಲಾಗದೆ ತಾವೇ ಸಾಯುತ್ತಿದ್ದರು ಎಂದಷ್ಟೇ ಇದೆ. ಪರ್ಷಿಯದ ದೊರೆ ಹೊನ್ನಿನ ರಾಶಿ ಕಳಿಸಿ ಕರೆದರೂ ಹೋಗಲಿಲ್ಲ ಎಂಬ ಕಥೆಗೆ ಆಧಾರವಾದ ಪತ್ರಗಳು ಮುಂದಿನವರು ಸೃಷ್ಟಿಸಿದವು. ಕೋಸ್ ಪಟ್ಟಣಕ್ಕೆ ಹೋದವರಿಗೆ ಇಂದಿಗೂ ಒಂದು ಚಿನಾರ್ ಮರ ತೋರಿಸಿ, ಅದರ ನೆರಳಿನಲ್ಲೇ ಅವನು ಪಾಠ ಹೇಳುತ್ತಿದ್ದ ಎನ್ನುತ್ತಾರೆ. ಮರದ ವಯಸ್ಸು ಸುಮಾರು 500 ವರ್ಷ. ಮರ ಬಿಡಿ, ಆ ಪಟ್ಟಣವೇ ಕಟ್ಟಿದ್ದು ಕ್ರಿ.ಪೂ. 366ರಲ್ಲಿ. ಅಷ್ಟು ಹೊತ್ತಿಗೆ ಅವನು ಸತ್ತಿದ್ದ ಎಂಬುದೇ ಸಾಮಾನ್ಯ ಲೆಕ್ಕ.

ಅವನ ಹೆಸರಿನ 60 ಗ್ರಂಥಗಳೂ ಅವನೇ ಬರೆದದ್ದಲ್ಲ. ಹಲವು ಕೈಗಳು, ಹಲವು ಕಾಲದವು. ಒಂದು ಗ್ರಂಥ ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುವುದೂ ಉಂಟು. ಯಾವುದು ಅವನ ಕೈಬರಹ ಎಂಬ ಜಗಳ ಎರಡು ಸಾವಿರ ವರ್ಷದಿಂದ ನಡೆದಿದೆ. ಆದರೆ ಎಪಿಡೆಮಿಕ್ಸ್ ಎಂಬ ಏಳು ಭಾಗಗಳ ಸರಣಿಯಲ್ಲಿ ಮೊದಲನೆಯ ಮತ್ತು ಮೂರನೆಯ ಭಾಗಗಳು ಅವನಿಗೆ ತೀರಾ ಹತ್ತಿರದವು, ಕ್ರಿ.ಪೂ. 410ರ ಸುಮಾರಿನವು ಎಂದು ಬಹುತೇಕ ವಿದ್ವಾಂಸರು ನಂಬುತ್ತಾರೆ. ನಮ್ಮ ಪುಟ ಇರುವುದು ಆ ಮೊದಲ ಭಾಗದಲ್ಲಿ.

ಊರೂರು ತಿರುಗುವ ವೈದ್ಯ

ಆಗಿನ ಗ್ರೀಕ್ ವೈದ್ಯರು ಒಂದೇ ಊರಲ್ಲಿ ಬೋರ್ಡ್ ಹಾಕಿಕೊಂಡು ಕೂರುತ್ತಿರಲಿಲ್ಲ. ಊರಿಂದೂರಿಗೆ ಹೋಗಿ ಕೆಲವು ತಿಂಗಳು, ಕೆಲವು ವರ್ಷ ಇದ್ದು ಮುಂದೆ ಹೋಗುತ್ತಿದ್ದರು. ಹಿಪೊಕ್ರೆಟಿಸ್ ಬದುಕಿನ ದೊಡ್ಡ ಭಾಗವನ್ನು ಹೀಗೆ ಉತ್ತರ ಗ್ರೀಸ್ ಕಡೆ ಕಳೆದ. ಎಪಿಡೆಮಿಕ್ ಎಂಬ ಪದಕ್ಕೆ ಆಗ ಊರಿಗೆ ಬಂದದ್ದು, ಬಂದು ತಂಗಿದ್ದು ಎಂಬ ಅರ್ಥವಿತ್ತು. ಬಂದದ್ದು ವೈದ್ಯನೂ ಆಗಬಹುದು, ರೋಗವೂ ಆಗಬಹುದು.

ಹೊಸ ಊರಿಗೆ ಹೋದ ವೈದ್ಯ ಮಾಡುತ್ತಿದ್ದ ಮೊದಲ ಕೆಲಸ ಗಾಳಿ, ಮಳೆ, ನೀರು ನೋಡುವುದು. ನಮ್ಮ ರೈತರು ಮಳೆ ನಕ್ಷತ್ರ ಎಣಿಸುವ ಹಾಗೆ ಇವನೂ ಕೃತ್ತಿಕಾ ನಕ್ಷತ್ರ ಮುಳುಗುವ ದಿನ, ಗಾಳಿ ಯಾವ ದಿಕ್ಕಿನದು, ಚಳಿಗಾಲ ಒಣಗಿತ್ತೋ ತೇವವಾಗಿತ್ತೋ ಎಂದೆಲ್ಲ ಬರೆದುಕೊಳ್ಳುತ್ತಿದ್ದ. ಆಮೇಲೆ ರೋಗಿಗಳು. ಈ ಎರಡು ಭಾಗಗಳಲ್ಲಿ ಒಟ್ಟು 42 ರೋಗಿಗಳ ದಿನದಿನದ ಟಿಪ್ಪಣಿ ಇದೆ. ಅದರಲ್ಲಿ 25 ಮಂದಿ ಸತ್ತರು. ಅದನ್ನೂ ಬರೆದಿದ್ದಾನೆ. ನೂರಕ್ಕೆ ನೂರು ಗ್ಯಾರಂಟಿ ಎಂದು ಜಾಹೀರಾತು ಕೊಡುವವರ ನಡುವೆ ಬದುಕುವ ನಮಗೆ, ಅರ್ಧಕ್ಕಿಂತ ಹೆಚ್ಚು ರೋಗಿಗಳು ಸತ್ತರು ಎಂದು ತಾನೇ ಬರೆದಿಟ್ಟ ವೈದ್ಯ ಅಪರೂಪವಾಗಿ ಕಾಣುತ್ತಾನೆ.

ಈ ಟಿಪ್ಪಣಿಗಳಲ್ಲಿ ಅವನು ಪದೇಪದೇ ನೋಡುವುದು ಮೂತ್ರ. ಬಣ್ಣ ಹೇಗಿದೆ, ತಿಳಿಯಾಗಿದೆಯೋ ಗೊಡ್ಡಾಗಿದೆಯೋ, ತಳದಲ್ಲಿ ಏನು ಕೂತಿದೆ, ಕಟ್ಟಿತೇ ಎಂದು. ಗೋಡೆಯ ಪಕ್ಕದ ಮನೆಯ ಫಿಲಿಸ್ಕಸ್ ಎಂಬವನಿಗೆ ಜ್ವರ ಬಂದು ಮೂತ್ರ ಕಪ್ಪಾಯಿತು, ಆರನೆಯ ದಿನ ಸತ್ತ. ಇದೇ ಗ್ರಂಥರಾಶಿಯ ಇನ್ನೊಂದು ಪುಸ್ತಕದಲ್ಲಿ ಮೂತ್ರದ ಮೇಲೆ ಗುಳ್ಳೆ ನಿಂತರೆ ಮೂತ್ರಪಿಂಡದ ದೀರ್ಘ ರೋಗ ಎಂದಿದೆ. ಇಂದು ನೊರೆಮೂತ್ರ ಎಂದರೆ ಡಾಕ್ಟರು ಮೊದಲು ಪ್ರೋಟೀನ್ ಪರೀಕ್ಷೆ ಬರೆಯುತ್ತಾರೆ. ನೋಡಿದ್ದು ಸರಿಯಾಗಿತ್ತು.

ಥಾಸೋಸ್‌ನ ಗರಡಿ ಹುಡುಗರು

ಥಾಸೋಸ್ ಉತ್ತರದ ಸಮುದ್ರದಲ್ಲಿರುವ ದ್ವೀಪ. ಚಿನ್ನದ ಗಣಿ, ಬಿಳಿ ಅಮೃತಶಿಲೆ, ದ್ರಾಕ್ಷಾರಸಕ್ಕೆ ಹೆಸರಾದ ಶ್ರೀಮಂತ ಊರು. ಆ ವರ್ಷ ಶರತ್ಕಾಲದಲ್ಲಿ ಬಿಡದೆ ಜಿನುಗು ಮಳೆ, ದಕ್ಷಿಣದ ಗಾಳಿ. ಚಳಿಗಾಲ ಚಳಿಯಿಲ್ಲದೆ ಕಳೆಯಿತು. ಆಮೇಲೆ ಊರಿನಲ್ಲಿ ಬಾವು ಶುರುವಾಯಿತು.

ಕಿವಿಯ ಪಕ್ಕ, ಕೆಲವರಿಗೆ ಒಂದು ಕಡೆ, ಹಲವರಿಗೆ ಎರಡೂ ಕಡೆ. ಬಹಳ ಮಂದಿಗೆ ಜ್ವರವೇ ಇರಲಿಲ್ಲ, ಓಡಾಡಿಕೊಂಡೇ ಇದ್ದರು. ಬಾವು ಮೆತ್ತಗೆ, ದೊಡ್ಡದಾಗಿ ಹರಡಿತ್ತು. ಕೀವು ಕಟ್ಟಲಿಲ್ಲ. ಬಂದ ಹಾಗೆಯೇ ಗುರುತಿಲ್ಲದೆ ಹೋಯಿತು. ಬಂದದ್ದು ಹುಡುಗರಿಗೆ, ಯುವಕರಿಗೆ, ಪ್ರಾಯದ ಗಂಡಸರಿಗೆ. ಅವರಲ್ಲೂ ಹೆಚ್ಚಾಗಿ ಕುಸ್ತಿಯ ಅಖಾಡ, ವ್ಯಾಯಾಮಶಾಲೆಗೆ ಹೋಗುವವರಿಗೆ. ಹೆಂಗಸರಲ್ಲಿ ಕೆಲವರಿಗೆ ಮಾತ್ರ. ಹಲವರಿಗೆ ಒಣಕೆಮ್ಮು, ಗೊಗ್ಗರು ದನಿ. ಅದಾದ ಮೇಲೆ, ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ, ಒಂದು ವೃಷಣ ಊದಿ ಉರಿಯತೊಡಗಿತು. ಕೆಲವರಿಗೆ ಎರಡೂ. ಇವರಲ್ಲಿ ಬಹುಪಾಲು ಜನ ತುಂಬಾ ನರಳಿದರು. ಉಳಿದಂತೆ ವೈದ್ಯನ ಮನೆಗೆ ಬರಬೇಕಾದ ಕಾಯಿಲೆ ಅವರಿಗೇನೂ ಇರಲಿಲ್ಲ ಎಂದು ಹಿಪೊಕ್ರೆಟಿಸ್ ಮುಗಿಸುತ್ತಾನೆ.

ಇಷ್ಟೇ. ಒಂದು ಪ್ಯಾರಾಕ್ಕಿಂತ ಸ್ವಲ್ಪ ಹೆಚ್ಚು. ಇವತ್ತಿನ ಪಠ್ಯಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೂ ತೆಗೆದುಹಾಕಬೇಕಾದ ವಾಕ್ಯ ಸಿಗುವುದಿಲ್ಲ. ಗರಡಿಯ ವಿಷಯವನ್ನೇ ನೋಡಿ. ಒಂದೇ ಕೋಣೆ, ಮೈಗೆ ಮೈ ತಾಗಿಸಿ ಹಿಡಿತ, ಮುಖದ ಹತ್ತಿರ ಮುಖ, ಏದುಸಿರು. ಜೊಲ್ಲು ಮತ್ತು ಉಸಿರಿನ ಹನಿಯಿಂದ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲದ ಜಾಗ ಬೇಕೇ? ಇನ್ನೊಂದು ವಿಷಯ, ಗ್ರೀಕರು ಬತ್ತಲೆಯಾಗಿ ಎಣ್ಣೆ ಹಚ್ಚಿಕೊಂಡು ಕುಸ್ತಿ ಆಡುತ್ತಿದ್ದರು. ಯಾರಿಗೆ ಎಲ್ಲಿ ಊದಿದೆ ಎಂಬುದನ್ನು ಮುಚ್ಚಿಡಲು ಅಲ್ಲಿ ದಾರಿ ಇರಲಿಲ್ಲ. ಹೆಂಗಸರ ಸಂಖ್ಯೆ ಕಡಿಮೆ ಕಂಡದ್ದು ಅವರಿಗೆ ಕಡಿಮೆ ಬಂದದ್ದರಿಂದಲೋ, ಮನೆಯೊಳಗಿದ್ದವರನ್ನು ಗಂಡು ವೈದ್ಯ ನೋಡದ್ದರಿಂದಲೋ ಎಂಬ ಅನುಮಾನ ನಮಗಿದೆ. ಮಂಗನಬಾವು ಇಬ್ಬರಿಗೂ ಬರುವ ರೋಗ.

ಕಾರಣ ಹುಡುಕಿದಾಗ ದಾರಿ ತಪ್ಪಿದ್ದು

ಕಿವಿ ಎಲ್ಲಿ, ವೃಷಣ ಎಲ್ಲಿ! ಇವೆರಡಕ್ಕೆ ಏನು ಸಂಬಂಧ? ಥಾಸೋಸ್ ಪುಟದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನ ಇಲ್ಲ. ಆದರೆ ಅದೇ ಸರಣಿಯ ಎರಡನೆಯ ಭಾಗದಲ್ಲಿ, ಕೆಮ್ಮಿನಿಂದ ವೃಷಣ ಊದುವುದು ಎದೆಗೂ ದನಿಗೂ ವೀರ್ಯಕ್ಕೂ ನಂಟಿದೆ ಎನ್ನುವುದರ ಗುರುತು ಎಂಬರ್ಥದ ಮಾತು ಇದೆ. ಆ ಕಾಲದ ವೈದ್ಯರಲ್ಲಿ ಹಲವರು ವೀರ್ಯ ತಲೆಯಿಂದ ಇಳಿದು, ಕಿವಿಯ ಪಕ್ಕದ ನಾಳಗಳ ಮೂಲಕ ಬೆನ್ನಹುರಿಯತ್ತ ಸಾಗಿ, ಕೊನೆಗೆ ವೃಷಣ ತಲುಪುತ್ತದೆ ಎಂದು ನಂಬಿದ್ದರು. ಕಿವಿಯ ಹಿಂದಿನ ನಾಳ ಕತ್ತರಿಸಿದರೆ ಗಂಡಸಿಗೆ ಮಕ್ಕಳಾಗುವುದಿಲ್ಲ ಎಂಬುದೂ ಅದೇ ನಂಬಿಕೆಯ ಭಾಗ.

ಗಾಳಿ, ನೀರು, ಸ್ಥಳಗಳ ಬಗ್ಗೆ ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಪ್ರಸಿದ್ಧ ಪುಸ್ತಕದಲ್ಲಿ ಸಿಥಿಯನ್ನರ ಕಥೆ ಬರುತ್ತದೆ. ಇವರು ಕಪ್ಪು ಸಮುದ್ರದ ಉತ್ತರದ ಬಯಲಿನಲ್ಲಿ ಕುದುರೆಯ ಮೇಲೆ ಬದುಕುತ್ತಿದ್ದ ಜನ. ಅವರಲ್ಲಿ ಬಹಳ ಗಂಡಸರಿಗೆ ಗಂಡಸುತನ ಹೋಗುತ್ತಿತ್ತಂತೆ. ಅಂಥವರು ದೇವರಿಗೆ ತಪ್ಪಿ ನಡೆದೆವು ಎಂದು ತಮ್ಮನ್ನೇ ಹಳಿದುಕೊಂಡು, ಹೆಣ್ಣಿನ ಉಡುಪು ತೊಟ್ಟು ಹೆಂಗಸರ ಕೆಲಸಕ್ಕೆ ಸೇರಿಕೊಳ್ಳುತ್ತಿದ್ದರು. ಊರವರು ಅವರಿಗೆ ಹೆದರಿ ಕೈ ಮುಗಿಯುತ್ತಿದ್ದರು. ಪುಸ್ತಕ ಇದನ್ನು ಒಪ್ಪುವುದಿಲ್ಲ. ಈ ರೋಗ ಬೇರೆ ರೋಗಗಳಿಗಿಂತ ಹೆಚ್ಚು ದೈವಿಕವೂ ಅಲ್ಲ, ಕಡಿಮೆಯೂ ಅಲ್ಲ, ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂದು ವಾದಿಸುತ್ತದೆ. ಬಡವರಿಗಿಂತ ಶ್ರೀಮಂತರಿಗೇ ಇದು ಹೆಚ್ಚು ಬರುತ್ತದೆ, ದೇವರ ಶಾಪವಾಗಿದ್ದರೆ ಕಾಣಿಕೆ ಹಾಕಲಾಗದ ಬಡವರಿಗೇ ಹೆಚ್ಚು ಬರಬೇಕಿತ್ತಲ್ಲ ಎಂದು ಕೇಳುತ್ತದೆ. ಕಾರಣವಾಗಿ ತೋರಿಸುವುದು ಸದಾ ಕುದುರೆ ಸವಾರಿ, ಮತ್ತು ಅದರಿಂದ ಬಂದ ಕೀಲುನೋವಿಗೆ ಕಿವಿಯ ಹಿಂದಿನ ನಾಳ ಕತ್ತರಿಸಿಕೊಳ್ಳುವ ಅವರ ನಾಟಿ ಚಿಕಿತ್ಸೆ.

ನಾಳದ ಸಿದ್ಧಾಂತ ಪೂರ್ತಿ ತಪ್ಪು. ತಲೆಯಿಂದ ವೀರ್ಯ ಇಳಿಯುವುದಿಲ್ಲ. ಆದರೆ ಆ ಗಂಡಸರು ಶಾಪಗ್ರಸ್ತರಲ್ಲ, ರೋಗಿಗಳು ಎಂದು ಹೇಳಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಗಂಡಸಿಗೂ ಇಂಥ ತೊಂದರೆ ಬರುತ್ತದೆ ಎಂಬುದನ್ನೇ ನಾವು ಇನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡದಲ್ಲಿ ಬಂಜೆ ಎಂಬ ಪದಕ್ಕೆ ಪುಲ್ಲಿಂಗವೇ ಇಲ್ಲ, ಗಮನಿಸಿದ್ದೀರಾ? ಗಂಡಸಿನ ವಿಷಯ ಬಂದಾಗ ಪುರುಷ ಬಂಜೆತನ ಎಂದು ಜೋಡಿಸಿ ಹೇಳಬೇಕು. ಹಿಪೊಕ್ರೆಟಿಸ್‌ನ ಹೆಸರಿನ ಗ್ರಂಥರಾಶಿಯೂ ಇದರಲ್ಲಿ ಹೊರತಲ್ಲ. ಮಕ್ಕಳಾಗದ ಹೆಂಗಸರ ಮೇಲೆ ಅಲ್ಲಿ ಒಂದು ಇಡೀ ಪುಸ್ತಕ ಇದೆ, ಗಂಡಸರ ಮೇಲೆ ಅಂಥದ್ದು ಇಲ್ಲ.

ಹಾಗಾದರೆ ಬಾವು ಇಳಿಯುತ್ತದೆಯೇ?

ಇಲ್ಲ. ಕೆನ್ನೆಯ ಬಾವು ಜಾರಿಕೊಂಡು ಕೆಳಗೆ ಬರುವುದಿಲ್ಲ.

ಥಾಸೋಸ್‌ನ ಪುಟ ಬರೆದು 2,300 ವರ್ಷ ಕಳೆದ ಮೇಲೆ, 1934ರಲ್ಲಿ, ಅಮೆರಿಕದ ಜಾನ್ಸನ್ ಮತ್ತು ಗುಡ್‌ಪಾಶ್ಚರ್ ಎಂಬ ವಿಜ್ಞಾನಿಗಳು ರೋಗಿಗಳ ಜೊಲ್ಲನ್ನು ಬ್ಯಾಕ್ಟೀರಿಯಾ ದಾಟದಂಥ ಸೋಸುಕದಲ್ಲಿ ಸೋಸಿ, ಕೋತಿಗಳ ಜೊಲ್ಲುಗ್ರಂಥಿಗೆ ಸೇರಿಸಿದರು. ಕೋತಿಗಳಿಗೂ ಬಾವು ಬಂತು. ಬ್ಯಾಕ್ಟೀರಿಯಾಕ್ಕಿಂತ ಸಣ್ಣದಾದ ವೈರಸ್ಸೇ ಕಾರಣ ಎಂಬುದು ಹೀಗೆ ಖಚಿತವಾಯಿತು. ಮಂಗನ ಹೆಸರಿನ ರೋಗದ ಗುಟ್ಟು ಬಿಡಿಸಲು ಕೊನೆಗೂ ಮಂಗಗಳೇ ಬೇಕಾದವು!

ಈ ವೈರಸ್ ಶೀತದ ವೈರಸ್‌ನಂತೆಯೇ ಮೂಗು, ಗಂಟಲಿನ ಮೂಲಕ ಒಳಗೆ ಹೋಗುತ್ತದೆ. ಅಲ್ಲಿ ಬೆಳೆದು ರಕ್ತಕ್ಕೆ ಸೇರುತ್ತದೆ. ಸೋಂಕು ತಗುಲಿ ಸಾಮಾನ್ಯವಾಗಿ 16ರಿಂದ 18 ದಿನ ಆದ ಮೇಲೆ ಲಕ್ಷಣ ಕಾಣುತ್ತದೆ. ರಕ್ತದಲ್ಲಿ ಹರಿಯುವಾಗ ಕಿವಿಯ ಮುಂದಿನ ಜೊಲ್ಲುಗ್ರಂಥಿ, ವೃಷಣ, ಮೇದೋಜೀರಕ ಗ್ರಂಥಿ, ಮೆದುಳಿನ ಪೊರೆ, ಹೆಂಗಸರಲ್ಲಿ ಅಂಡಾಶಯ, ಹೀಗೆ ಎಲ್ಲಿ ಬೇಕಾದರೂ ನೆಲೆಸಬಹುದು. ಕೆನ್ನೆಗೂ ವೃಷಣಕ್ಕೂ ಅದು ಬೇರೆಬೇರೆಯಾಗಿಯೇ ಹೋಗುತ್ತದೆ. ಕೆನ್ನೆ ಊದಿ ಸಾಮಾನ್ಯವಾಗಿ ನಾಲ್ಕರಿಂದ ಎಂಟು ದಿನಕ್ಕೆ ವೃಷಣ ಊದುವುದರಿಂದ ಇಳಿದಂತೆ ಕಾಣುತ್ತದೆ, ಅಷ್ಟೇ. ಕೆಲವರಿಗೆ ಕೆನ್ನೆ ಊದದೆಯೇ ವೃಷಣ ಊದುತ್ತದೆ. ಕೆಲವರಿಗೆ ಎರಡೂ ಇಲ್ಲದೆ ಬರೀ ಶೀತದಂತೆ ಬಂದು ಹೋಗುತ್ತದೆ. ಆದ್ದರಿಂದ ಕೆನ್ನೆಗೆ ಪಟ್ಟಿ ಬಿಗಿಯುವುದು, ಲೇಪ ಹಚ್ಚುವುದು ಬಾವು ಇಳಿಯದಂತೆ ತಡೆಯುವುದಿಲ್ಲ.

ವೈರಸ್ ಮೂತ್ರದಲ್ಲೂ ಹೊರಬರುತ್ತದೆ, ಎರಡು ವಾರದವರೆಗೆ ಪತ್ತೆಯಾಗಬಹುದು. ಮೂತ್ರಪಿಂಡದ ಕೆಲಸದಲ್ಲಿ ಸಣ್ಣ ಏರುಪೇರು ಕಂಡರೂ ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ವೃಷಣದ ವಿಷಯ ಹಾಗಲ್ಲ. ವೃಷಣದ ಸುತ್ತ ಹಿಗ್ಗದ ಗಟ್ಟಿ ಪೊರೆ ಇದೆ. ಕೆನ್ನೆ ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ವೃಷಣಕ್ಕೆ ಆ ಜಾಗ ಇಲ್ಲ. ಒಳಗಿನ ಒತ್ತಡ ಏರಿ, ರಕ್ತ ಸರಿಯಾಗಿ ಓಡಾಡದೆ, ವೀರ್ಯಾಣು ತಯಾರಿಸುವ ಸಣ್ಣ ಕೊಳವೆಗಳು ಹಾಳಾಗುತ್ತವೆ. ಥಾಸೋಸ್‌ನ ಯುವಕರು ಅಷ್ಟು ನರಳಿದ್ದು ಇದಕ್ಕೇ.

ಈಗ ಎಲ್ಲರೂ ಹೆದರುವ ಲೆಕ್ಕ. ಪ್ರಾಯಕ್ಕೆ ಬರುವ ಮುಂಚಿನ ಹುಡುಗರಿಗೆ ವೃಷಣದ ಬಾವು ಅಪರೂಪ. ಪ್ರಾಯಕ್ಕೆ ಬಂದ, ಲಸಿಕೆ ಪಡೆಯದ ಗಂಡಸರಲ್ಲಿ 100ಕ್ಕೆ 30 ಮಂದಿಯವರೆಗೆ ಇದು ಬರಬಹುದು. ಹಾಗೆ ಬಂದವರಲ್ಲಿ ಹೆಚ್ಚಿನವರಿಗೆ ಒಂದೇ ಕಡೆ. ಊದಿದ ವೃಷಣ ಆಮೇಲೆ ಸ್ವಲ್ಪ ಕುಗ್ಗುವುದು ಸಾಮಾನ್ಯ, ಸುಮಾರು ಅರ್ಧ ಮಂದಿಯಲ್ಲಿ ಕಾಣುತ್ತದೆ. ವೀರ್ಯಾಣುಗಳ ಸಂಖ್ಯೆ ಕೆಲವು ತಿಂಗಳು ಇಳಿಯಬಹುದು. ಆದರೆ ಇನ್ನೊಂದು ವೃಷಣ ಚೆನ್ನಾಗಿದ್ದರೆ ಮಕ್ಕಳಾಗಲು ಅಷ್ಟು ಸಾಕು. ಎರಡೂ ಕಡೆ ತೀವ್ರವಾಗಿ ಬಂದವರಲ್ಲಿ ಅಪಾಯ ಹೆಚ್ಚು. ಅವರಲ್ಲೂ ಪೂರ್ತಿ ಮಕ್ಕಳೇ ಆಗದಂತಾಗುವುದು ವಿರಳ. ಇನ್ನು ಗಂಡಸುತನ ಹೋಗುವುದು, ಅಂದರೆ ದಾಂಪತ್ಯಕ್ಕೇ ಆಗದಂತಾಗುವುದು, ಇದು ಬೇರೆಯೇ ವಿಷಯ. ಬಂಜೆತನ ಮತ್ತು ನಪುಂಸಕತೆ ಎರಡನ್ನೂ ಒಂದೇ ಎಂದುಕೊಂಡು ಹೆದರಿ ಕೂತವರು ಬಹಳ.

ಯಾವುದೇ ಜೋರು ಜ್ವರ, ಫ್ಲೂ ಇರಲಿ, ಕೋವಿಡ್ ಇರಲಿ, ವೀರ್ಯಾಣುಗಳನ್ನು ಎರಡು ಮೂರು ತಿಂಗಳು ಕಡಿಮೆ ಮಾಡಬಹುದು ಎಂಬುದೂ ತಿಳಿದಿರಲಿ. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಮೀರಿ ಬೇಕು. ಜ್ವರ ಬಿಟ್ಟ ಮರುವಾರವೇ ಪರೀಕ್ಷೆ ಮಾಡಿಸಿ ರಿಪೋರ್ಟ್ ನೋಡಿ ಕಂಗಾಲಾಗುವುದರಲ್ಲಿ ಅರ್ಥವಿಲ್ಲ.

ಲಸಿಕೆ ಮತ್ತು ತಿರುಗುಮುರುಗಾದ ಫಾರ್ವರ್ಡ್

1963ರಲ್ಲಿ ಅಮೆರಿಕದ ವಿಜ್ಞಾನಿ ಮಾರಿಸ್ ಹಿಲ್‌ಮನ್‌ನ ಮಗಳು ಜೆರಿಲ್ ಲಿನ್‌ಗೆ ಮಂಗನಬಾವು ಬಂತು. ಅವಳ ಗಂಟಲಿನಿಂದ ತೆಗೆದ ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಬೆಳೆಸಿ ದುರ್ಬಲಗೊಳಿಸಿ ಅವನು ಲಸಿಕೆ ಮಾಡಿದ. 1967ರಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ದಡಾರ, ರುಬೆಲ್ಲಾ ಲಸಿಕೆಗಳ ಜೊತೆ ಸೇರಿ ಎಂಎಂಆರ್ ಆಯಿತು.

ನಮ್ಮಲ್ಲಿ 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ಶುರುವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅದೇ ಹೊತ್ತಿಗೆ ವಾಟ್ಸಾಪ್ ವದಂತಿಗಳೂ ಶುರುವಾದವು. ಈ ಚುಚ್ಚುಮದ್ದು ಹಾಕಿಸಿದರೆ ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬುದು ದೇಶದ ಹಲವೆಡೆ ಹರಿದಾಡಿದ ಸುಳ್ಳು. ಅದನ್ನು ನಂಬಿ ಶಾಲೆಯಲ್ಲಿ ಲಸಿಕೆ ಬೇಡ ಎಂದ ತಂದೆತಾಯಿ ಇದ್ದರು. ಕೋವಿಡ್ ಲಸಿಕೆಯ ಮೇಲೂ ಇದೇ ಮಾತು ಬಂತು. ವೀರ್ಯಾಣುಗಳನ್ನು ಲಸಿಕೆಗೆ ಮೊದಲೂ ಆಮೇಲೂ ಎಣಿಸಿ ನೋಡಿದ ಅಧ್ಯಯನಗಳಲ್ಲಿ ಇಳಿಕೆ ಕಾಣಲಿಲ್ಲ. ಗಂಡುಮಕ್ಕಳ ವೃಷಣಕ್ಕೆ ಹಾನಿ ಮಾಡಬಲ್ಲದ್ದು ಮಂಗನಬಾವಿನ ರೋಗ, ಅದನ್ನು ತಡೆಯುವುದು ಲಸಿಕೆ. ಫಾರ್ವರ್ಡ್ ಇದನ್ನು ತಿರುಗಿಸಿ ಹೇಳುತ್ತಿದೆ.

ಒಂದು ವಿಷಯ ಬಹಳ ಪೋಷಕರಿಗೆ ಗೊತ್ತಿಲ್ಲ. ಆ ಅಭಿಯಾನದ ಲಸಿಕೆ ಎಂಆರ್, ಅದರಲ್ಲಿ ಎಂ ಒಂದೇ ಇದೆ, ಮಂಪ್ಸ್ ಭಾಗ ಇಲ್ಲ. ಮಂಪ್ಸ್ ಸೇರಿರುವ ಎಂಎಂಆರ್ ಖಾಸಗಿಯಾಗಿ ಸಿಗುತ್ತದೆ. 9 ತಿಂಗಳು, 15 ತಿಂಗಳು ಮತ್ತು 4ರಿಂದ 6 ವರ್ಷದ ನಡುವೆ ಕೊಡಿಸಿ ಎಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ನಿಮ್ಮ ಮಗುವಿನ ಕಾರ್ಡ್ ತೆಗೆದು ಯಾವುದು ಹಾಕಿಸಿದೆ ನೋಡಿ, ಹಾಕಿಸಿಲ್ಲದಿದ್ದರೆ ಡಾಕ್ಟರ ಹತ್ತಿರ ಕೇಳಿ.

ರೋಗ ಬಂದೇಬಿಟ್ಟರೆ ವೈರಸ್ಸನ್ನು ಕೊಲ್ಲುವ ಮಾತ್ರೆ ಇಲ್ಲ. ವಿಶ್ರಾಂತಿ, ಡಾಕ್ಟರು ಹೇಳಿದ ನೋವಿನ ಮಾತ್ರೆ, ವೃಷಣಕ್ಕೆ ಆಧಾರ ಕೊಡುವ ಬಿಗಿ ಒಳಉಡುಪು, ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಶಾಖ, ಇಷ್ಟೇ. ಕೆನ್ನೆ ಊದಿದ ಮೇಲೆ 5 ದಿನ ಶಾಲೆ, ಕಾಲೇಜು, ಜಿಮ್, ಕೆಲಸಕ್ಕೆ ಹೋಗಬಾರದು.

ಇನ್ನೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ, ಮನೆಯಲ್ಲಿ ಹದಿಹರೆಯದ ಹುಡುಗರಿದ್ದರೆ ಅವರಿಗೂ ಓದಿಸಿ. ಒಂದು ವೃಷಣದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಅದು ಮಂಗನಬಾವು ಎಂದುಕೊಂಡು ಮನೆಯಲ್ಲಿ ಕೂರಬೇಡಿ. ವೃಷಣ ತನ್ನ ನಾಳದ ಮೇಲೆ ತಿರುಚಿಕೊಂಡು ರಕ್ತ ನಿಂತುಹೋದಾಗಲೂ ಹೀಗೆಯೇ ಆಗುತ್ತದೆ. ಆಗ ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಸಾಮಾನ್ಯವಾಗಿ ವೃಷಣ ಉಳಿಯುತ್ತದೆ. ತಡವಾದಷ್ಟೂ ಉಳಿಯುವ ಸಾಧ್ಯತೆ ಇಳಿಯುತ್ತದೆ, ಕೊನೆಗೆ ತೆಗೆದುಹಾಕಬೇಕಾಗುತ್ತದೆ. ನಾಚಿಕೆಯಿಂದ ಅಮ್ಮನಿಗೆ ಹೇಳದೆ, ಬೆಳಿಗ್ಗೆ ನೋಡೋಣ ಎಂದು ಮಲಗುವ ಹುಡುಗ ಕಳೆದುಕೊಳ್ಳುವುದು ಆ 6 ಗಂಟೆಗಳನ್ನೇ. ರಾತ್ರಿ 2 ಗಂಟೆಯಾದರೂ ಸರಿ, ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

ಲಾರಿಸ್ಸಾದ ಜೇನು

ಥಾಸೋಸ್ ಬಿಟ್ಟ ಮೇಲೂ ಹಿಪೊಕ್ರೆಟಿಸ್ ಉತ್ತರದ ಊರುಗಳಲ್ಲಿ ತಿರುಗುತ್ತಲೇ ಇದ್ದ. ಕೊನೆಯ ವರ್ಷಗಳು ಥೆಸ್ಸಲಿ ಪ್ರಾಂತ್ಯದಲ್ಲಿ ಕಳೆದವು. ಕ್ರಿ.ಪೂ. 370ರ ಆಸುಪಾಸಿನಲ್ಲಿ ಲಾರಿಸ್ಸಾ ಎಂಬ ಊರಿನಲ್ಲಿ ಸತ್ತ. ಆಗ ವಯಸ್ಸು 85 ಎಂದು ಕೆಲವರು, 90 ಎಂದು ಕೆಲವರು, 104, 109 ಎಂದವರೂ ಇದ್ದಾರೆ. ಹುಟ್ಟಿದ ವರ್ಷವೇ ಖಚಿತವಿಲ್ಲದ ಮೇಲೆ ಇದರಲ್ಲಿ ಆಶ್ಚರ್ಯವಿಲ್ಲ. ಸುಮಾರು ಐನೂರು ವರ್ಷದ ನಂತರ ಗ್ಯಾಲೆನ್ ಎಂಬ ವೈದ್ಯ ಎಪಿಡೆಮಿಕ್ಸ್ ಟಿಪ್ಪಣಿಗಳಿಗೆ ವ್ಯಾಖ್ಯಾನ ಬರೆದ. ಆ ಪುಸ್ತಕಗಳು ಅರಬ್ಬಿ, ಲ್ಯಾಟಿನ್ ಭಾಷೆಗಳಿಗೂ ಹೋದವು. ಥಾಸೋಸ್‌ನ ಪುಟ ನಮ್ಮವರೆಗೆ ಬಂದದ್ದು ಹೀಗೆ ತಲೆಮಾರುಗಟ್ಟಲೆ ಪ್ರತಿ ಮಾಡಿಟ್ಟವರಿಂದ.

ಅವನ ಸಮಾಧಿಯ ಬಗ್ಗೆಯೂ ಒಂದು ಕಥೆ ಇದೆ. ಅದರ ಮೇಲೆ ಜೇನು ಗೂಡು ಕಟ್ಟಿತ್ತಂತೆ. ಬಾಯಲ್ಲಿ ಹುಣ್ಣಾದ ಹಸುಗೂಸುಗಳನ್ನು ತಾಯಂದಿರು ಅಲ್ಲಿಗೆ ಎತ್ತಿಕೊಂಡು ಬಂದು ಆ ಜೇನು ಸವರಿದರೆ ವಾಸಿಯಾಗುತ್ತಿತ್ತಂತೆ. ಇದೂ ಮುಂದಿನವರು ಕಟ್ಟಿದ ಕಥೆಯೇ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತವೆ.